ತಿಂಗಳ ಊಟದ ಸರದಿಗೆ ನೀರ್ ದೋಸೆ ಬೇಡ

ಮುಂದಿನ ತಿಂಗಳು ಮಂಗಳೂರು ಬಿಟ್ಟು ಜರ್ಮನಿಗೆ ಬರುವವರು ನೀವು. ಅಡುಗೆಗೆ ಎಂತೆಲ್ಲ ತರಬೇಕು, ಇಲ್ಲಿ ಊರಿನವರು ತಿಂಗಳಿಗೊಂದು ಮನೆಯಂತೆ ಸೇರಿ ಉಣ್ಣುವ ವಿಶೇಷ ಊಟಕ್ಕೆ ನಿಮ್ಮ ಸರದಿ ಬಂದಾಗ ನೀರ್ ದೋಸೆ ಸಾಕಾ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಬೇಡ ಮಾರಾಯ್ರೆ.

8 ಜನಕ್ಕೆ ತಲೆಗೆ 5 ಎಂದರೆ 40 ದೋಸೆ. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಒಂದು ಗಂಟೆ ನೀವು ಒಲೆಯೆದುರು, ಬಂದವರು ಹಾಲ್‌ನಲ್ಲಿ. ಮೊದಲೇ ಹೊಯ್ದು ಬಿಸಿಬಿಸಿ ಪೇರಿಸಿಟ್ಟರೆ ಅಂಟಿಕೊಂಡು ಮುದ್ದೆ. ಅದರ ಬದಲು ಕೋರಿ ರೊಟ್ಟಿ ಇಡಿ, ಅಂದರೆ ಗರಿಗರಿ ಒಣ ಅಕ್ಕಿ ರೊಟ್ಟಿ, ಜತೆಗೆ ತೆಂಗಿನಕಾಯಿ ಹಾಕಿದ ಕೋಳಿ ಸಾರು, ಅದೇ ಗಸಿ. ರೊಟ್ಟಿ ಊರಿನಿಂದಲೇ ಬರುತ್ತದೆ, ಗಸಿ ಹಿಂದಿನ ದಿನವೇ ಆಗುತ್ತದೆ, ಮರುದಿನ ರುಚಿಯೂ ಹೆಚ್ಚು.

8 ಜನಕ್ಕೆ ಮೂಳೆಯಿರುವ ಕೋಳಿ ತೊಡೆ 1.5 ಕಿಲೊ ಸಾಕು. ಸೂಪರ್‌ಮಾರ್ಕೆಟ್‌ನ ಮೂಳೆಯಿಲ್ಲದ ಎದೆಮಾಂಸ ಬೇಡ. ಮರುದಿನ ಬಿಸಿ ಮಾಡುವಾಗ ನಾರುನಾರಾಗುತ್ತದೆ. ಬ್ಯಾಡಗಿ ಮೆಣಸು 20, ಕೊತ್ತಂಬರಿ 3 ದೊಡ್ಡ ಚಮಚ, ಜೀರಿಗೆ ಒಂದೂವರೆ ಸಣ್ಣ ಚಮಚ, ಕಾಳುಮೆಣಸು 1 ಸಣ್ಣ ಚಮಚ, ಮೆಂತೆ ಕಾಲು ಸಣ್ಣ ಚಮಚ. ಒಂದೊಂದನ್ನೇ ಬೇರೆ ಬೇರೆ ಹುರಿಯಿರಿ. ಮೆಂತೆ ಕಪ್ಪಾದರೆ ಇಡೀ ಗಸಿ ಕಹಿ, ಬೆಲ್ಲ ಹಾಕಿದರೂ ಹೋಗುವುದಿಲ್ಲ. ಫ್ರೋಜನ್ ತೆಂಗಿನ ತುರಿಯ 400 ಗ್ರಾಂ ಪೊಟ್ಟಣ ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ. ಪೂರ್ತಿ ಕರಗಿಸಿ, ಅರ್ಧವನ್ನು ಬಾಣಲೆಯಲ್ಲಿ ನೀರಾರಿಸಿ ಮಸಾಲೆ, ಹುಣಸೆ, ಈರುಳ್ಳಿ, ಬೆಳ್ಳುಳ್ಳಿ ಜತೆ ನುಣ್ಣಗೆ ರುಬ್ಬಿ. ಉಡುಪಿ ಕಡೆಯವರಲ್ಲಿ ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು ಇದ್ದರೆ, ಅವೆರಡನ್ನು ಹಾಕುವ ಮೊದಲೇ ಒಂದು ಪಾಲು ಮಸಾಲೆ ತೆಗೆದಿಟ್ಟು ಕಡಲೆ ಗಸಿ ಮಾಡಿ. ಇನ್ನೊಮ್ಮೆ ಮಸಾಲೆ ಹುರಿಯುವ ಕೆಲಸ ತಪ್ಪುತ್ತದೆ.

ರುಬ್ಬಿದ ಮಸಾಲೆಯಲ್ಲಿ ಕೋಳಿಯನ್ನು ಹಿಂದಿನ ದಿನವೇ ಬೇಯಿಸಿಡಿ. ತೆಂಗಿನ ಹಾಲು, 400 ಮಿಲಿ ಡಬ್ಬಿ, ಮರುದಿನ ಬಿಸಿ ಮಾಡುವಾಗಲೇ ಹಾಕುವುದು. ಎಡವುವುದು ಇಲ್ಲೇ. ಇಲ್ಲಿನ ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಗಾಜಿನ ಮೇಲ್ಮೈಯ ಕರೆಂಟ್ ಒಲೆ. ಆರಿಸಿದ ಮೇಲೂ ಎಷ್ಟೋ ಹೊತ್ತು ಕಾವು ಉಳಿದು ಗಸಿ ಕುದಿಯುತ್ತಲೇ ಇರುತ್ತದೆ, ಹಾಲು ಒಡೆದು ಎಣ್ಣೆ ಬೇರೆ, ಗಸಿ ಬೇರೆ. ಅಂಚಿನಲ್ಲಿ ಮೊದಲ ಗುಳ್ಳೆ ಕಂಡ ಕೂಡಲೇ ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಿ. ಮಣ್ಣಿನ ಗಡಿಗೆ, ತಳ ದುಂಡಗಿನ ಕಾವಲಿ ಈ ಒಲೆಗೆ ಕೂರುವುದಿಲ್ಲ, ಹೊತ್ತು ತರಬೇಡಿ.

ರೊಟ್ಟಿ ತಲೆಗೆ 80ರಿಂದ 100 ಗ್ರಾಂ. ಪುಡಿಯಾದೀತೆಂದು ಹೆದರಬೇಡಿ, ಹೇಗೂ ಮುರಿದೇ ತಿನ್ನುವುದು. ಗಸಿ ಮಾತ್ರ ಬಟ್ಟಲಿಗೆ ಮೊದಲೇ ಸುರಿಯಬೇಡಿ, ಕೂತ ಮೇಲೆ ಅವರವರೇ ಹಾಕಿಕೊಳ್ಳಲಿ.

ಬ್ಯಾಗಿಗೆ ಬ್ಯಾಡಗಿ ಮೆಣಸು, ಕುಚ್ಚಲಕ್ಕಿ, ಪುನರ್ಪುಳಿ (ಕೋಕಂ) ಸಿಪ್ಪೆ ಹಾಕಿ. ತುಪ್ಪ, ಪೇಡ ಬೇಡ: ಹಾಲು, ಮಾಂಸದ ಪದಾರ್ಥಗಳನ್ನು ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಪ್ರಯಾಣದ ಸಾಮಾನಿನಲ್ಲಿ ತರುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪತ್ರ ಬೇಕು, ಅಷ್ಟು ರಗಳೆ ಯಾಕೆ. ಕೊಬ್ಬರಿಯನ್ನು ವಿಮಾನದವರೇ ತೆಗೆಸುತ್ತಾರೆ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಸಾಮಾನಿನ ಪಟ್ಟಿಯಲ್ಲಿ ಉಂಟು. ಮಿಕ್ಸಿ ತನ್ನಿ, ವೋಲ್ಟೇಜ್ ಅಲ್ಲಿಯದೇ, 230. ಪ್ಲಗ್ ಮಾತ್ರ ಬೇರೆ.

ಊಟ ಭಾನುವಾರವಾದರೆ ಸಾಮಾನು ಶನಿವಾರವೇ ಮನೆಯಲ್ಲಿರಲಿ, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮಿಕ್ಸಿ ಕೆಲಸವೂ ಶನಿವಾರ ಹಗಲೇ ಮುಗಿಯಲಿ: ರಾತ್ರಿ 10ರ ಮೇಲೆ, ಭಾನುವಾರ ಇಡೀ ದಿನ, ಸದ್ದು ಮಾಡಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ.

ಇನ್ನು ಸರದಿಯ ಲೆಕ್ಕ. ಮುಖ್ಯ ಅಡುಗೆ, ಅನ್ನ ಮನೆಯವರದ್ದು. ಉಳಿದವರು ಏನು ತರುತ್ತಾರೆಂದು ಒಂದು ವಾರ ಮೊದಲು ಹೆಸರಿಟ್ಟು ಕೇಳಿ. "ಏನಾದರೂ ತನ್ನಿ" ಎಂದರೆ ಮೂರು ಮನೆಯಿಂದ ಪಾಯಸ ಬರುತ್ತದೆ, ಪಲ್ಯ ಒಂದೂ ಇರುವುದಿಲ್ಲ. ಬಂಗುಡೆ ಹುರಿದು ತರುತ್ತೇನೆಂದವರಿಗೆ ಒಂದು ಮಾತು ಹೇಳಿ: ಇಲ್ಲಿ ಮಾಕ್ರೆಲೆ (ಬಂಗುಡೆ ಜಾತಿಯ ಮೀನು) ಎಂದು ಕಣ್ಣಿಗೆ ಬೀಳುವುದು ಹೆಚ್ಚಾಗಿ ಹೊಗೆ ಹಾಕಿದ್ದು, ಅದನ್ನು ಮಸಾಲೆ ಹಚ್ಚಿ ಹುರಿದರೆ ತಿನ್ನಲಾಗದು, ಹಸಿ ಅಥವಾ ಫ್ರೋಜನ್ ಎಂದು ನೋಡಿ ತೆಗೆದುಕೊಳ್ಳಲಿ.