ಹಕ್ಕಿ ಬಂದ ದಿನ ಗೊತ್ತು, ಹೋದ ದಿನ?

ಯುಗಾದಿ ಕಳೆದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವಲಸೆ ಹಕ್ಕಿಗಳದ್ದೇ. ಕೆರೆ ಏರಿ, ಗೋಣಿ ಮರ, ಒಂಬತ್ತನೇ ಮಹಡಿಯ ಬಾಲ್ಕನಿ, ಎಲ್ಲ ಕಡೆಯಿಂದಲೂ ಸುದ್ದಿ ಬಂದಿದೆ. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಎರಡು ವರ್ಷದಿಂದ ಹಕ್ಕಿ ನೋಡುವ ಹುಚ್ಚು ಹತ್ತಿದೆ. ಅಮೆರಿಕದಲ್ಲಿರುವ ಮಗಳು ಏಪ್ರಿಲ್ ಬಂತೆಂದರೆ ಇವತ್ತು ಈ ಹಕ್ಕಿ ಬಂತು, ನಿನ್ನೆ ಆ ಹಕ್ಕಿ ಬಂತು ಎಂದು ಫೋಟೊ ಕಳಿಸುತ್ತಾಳೆ. ನಾನು ದಿನಾ ಜಕ್ಕೂರು ಕೆರೆಗೆ ಹೋಗುತ್ತೇನೆ, ಇಲ್ಲಿ ನೋಡಿದರೆ ಹಕ್ಕಿ ಕಡಿಮೆಯಾಗುತ್ತಿವೆ. ನಮ್ಮಲ್ಲಿ ವಸಂತದ ವಲಸೆ ಎಂದರೆ ಏನು? ಏನನ್ನು ನೋಡಲಿ, ಏನನ್ನು ಬರೆದು ಉಳಿದವರಿಗೆ ತಿಳಿಸಲಿ?
— ವಿದ್ಯಾರಣ್ಯಪುರದ ನಿವೃತ್ತ ಓದುಗರು

ನಿಮ್ಮ ಮಗಳ ಊರಿಗೆ ಈಗ ನೆಂಟರು ಬಂದಿಳಿಯುವ ಹೊತ್ತು, ನಮ್ಮೂರಲ್ಲಿ ನೆಂಟರು ಗಂಟುಮೂಟೆ ಕಟ್ಟುವ ಹೊತ್ತು. ಆಗಸ್ಟ್-ಸೆಪ್ಟೆಂಬರ್‌ನಿಂದ ಇಲ್ಲಿಯ ಕೆರೆ, ತೋಟ, ಬೀದಿಮರಗಳಲ್ಲಿ ಬೀಡುಬಿಟ್ಟ ಹಕ್ಕಿಗಳು ಮಾರ್ಚ್‌ನಿಂದ ಮೇ ಮೊದಲ ವಾರದ ಹೊತ್ತಿಗೆ ಹಿಮಾಲಯದ ಕಡೆಗೆ, ಮಧ್ಯ ಏಷ್ಯಾಕ್ಕೆ, ಸೈಬೀರಿಯಾಕ್ಕೆ ಮರಿ ಮಾಡಲು ಹೊರಟುಬಿಡುತ್ತವೆ. ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಶೋವೆಲರ್ ಖಾಲಿಯಾದ ಮೇಲೂ ಗಾರ್ಗನಿ ಬಾತುಗಳು ನಾಲ್ಕು ದಿನ ಹೆಚ್ಚಿಗೆ ಉಳಿದಾವು. ಕೆರೆ ಬರಿದಾಗುತ್ತಿದೆ ಎಂದು ಬೇಸರಪಡಬೇಡಿ, ನೀವು ಕೇಳಿದ ವಸಂತದ ವಲಸೆ ಇದೇ.

ಬಿಸಿಲಿಗೆ ಹೆದರಿ ಓಡುತ್ತವೆ ಎಂಬ ಮಾತು ಚಾಲ್ತಿಯಲ್ಲಿದೆ. ಇದರಲ್ಲಿ ಬಿಸಿಲಿನ ಪಾತ್ರ ಕಡಿಮೆ. ಹಕ್ಕಿಯ ಮೈಯೊಳಗೆ ವರ್ಷಕ್ಕೊಂದು ಸುತ್ತು ಹೊಡೆಯುವ ಗಡಿಯಾರವಿದೆ, ಹಗಲಿನ ಉದ್ದ ನೋಡಿಕೊಂಡು ಅದು ಮುಳ್ಳು ಸರಿಮಾಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಜೂನ್‌ನ ಅತಿ ದೊಡ್ಡ ಹಗಲಿಗೂ ಇರುವುದು ಸುಮಾರು ಒಂದೂವರೆ ಗಂಟೆಯ ಅಂತರ. ನಮಗದು ಲೆಕ್ಕಕ್ಕೇ ಬರುವುದಿಲ್ಲ. ಎಂಟು ಗ್ರಾಂ ಆಸುಪಾಸಿನ ಉಲಿಯಕ್ಕಿಗೆ (ವಾರ್ಬ್ಲರ್) ಅಷ್ಟು ಸಾಕು. ಹಸಿವು ಹೆಚ್ಚುತ್ತದೆ, ಚರ್ಮದ ಕೆಳಗೆ ಕೊಬ್ಬು ಸೇರುತ್ತದೆ, ರಾತ್ರಿ ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಗುತ್ತದೆ.

ಇನ್ನು ಏನು ನೋಡಬೇಕು ಎಂಬುದು. ಈ ಕಾಲದಲ್ಲಿ ಕಣ್ಣಿಗಿಂತ ಮೊದಲು ಕಿವಿ ಬೇಕು. ಬೇಲಿಯ ಲಂಟಾನಾದಲ್ಲೋ ಬೋಗನ್‌ವಿಲ್ಲಾ ಪೊದೆಯಲ್ಲೋ ಚಳಿಗಾಲವಿಡೀ 'ಚಕ್... ಚಕ್...' ಎಂದು ನಾಲಿಗೆ ಲೊಚಗುಟ್ಟಿದಂತೆ ಸದ್ದು ಮಾಡುವ ಮಾಸಲು ಕಂದು ಹಕ್ಕಿಯೊಂದಿದೆ. ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂದು ಇಂಗ್ಲಿಷಿನವರು ಹೆಸರಿಟ್ಟಿದ್ದಾರೆ. ಆರು ತಿಂಗಳು ನಿಮ್ಮ ಕಾಂಪೌಂಡಿನಲ್ಲೇ ಇದ್ದರೂ ಪುಣ್ಯಾತ್ಮ ಪೊದೆ ಬಿಟ್ಟು ಈಚೆ ಮುಖ ಹಾಕುವುದಿಲ್ಲ. ಏಪ್ರಿಲ್‌ನ ಒಂದು ನಸುಕಿನಲ್ಲಿ ಅದೇ ಪೊದೆಯಿಂದ ಬೇರೆಯದೇ ಸದ್ದು ಬರುತ್ತದೆ. ಒಂದು ತುಣುಕು ಸಿಳ್ಳೆ, ಅದನ್ನೇ ಮೂರು ನಾಲ್ಕು ಸಲ, ನಡುವೆ ಹಳೆಯ ಚಕ್ ಚಕ್, ಆಮೇಲೆ ಇನ್ನೊಂದು ತುಣುಕು. ಸಂಗೀತದ ಮೇಷ್ಟರು ಮಗುವಿಗೆ ಸರಳೆ ವರಿಸೆ ತಿದ್ದಿಸುವ ಹಾಗೆ. ಮೊಟ್ಟೆ ಇಡುವ ಊರಿನಲ್ಲಿ ಹಾಡಬೇಕಾದ ಹಾಡನ್ನು ಇಲ್ಲೇ ತಾಲೀಮು ಮಾಡುತ್ತಿದೆ. ಹಾಡು ಕೇಳಿತೆಂದರೆ ಅದು ಹೊರಡುವ ದಿನ ದೂರವಿಲ್ಲ.

ಬರೆದಿಡುವ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹಕ್ಕಿ ಬಂದ ದಿನ ಬರೆಯುವುದು ಸುಲಭ. ಸೆಪ್ಟೆಂಬರ್‌ನಲ್ಲಿ ಕಂದು ಕಳಿಂಗ ಬಂದು ಖಾಲಿ ಸೈಟಿನ ಜಾಲಿಗಿಡದ ತುದಿಯಲ್ಲಿ ಕೂತು ಕರಕರ ಕಿರುಚಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಹೋಗುವಾಗ ಅದು ಹೇಳಿ ಹೋಗುವುದಿಲ್ಲ, ರಾತ್ರೋರಾತ್ರಿ ಜಾಗ ಖಾಲಿ. ಇವತ್ತು ಕಾಣಲಿಲ್ಲ ಎಂದರೆ ಊರು ಬಿಟ್ಟಿತೋ, ಪಕ್ಕದ ಸೈಟಿಗೆ ಹೋಗಿ ಕೂತಿದೆಯೋ? ನಾಳೆ, ನಾಡಿದ್ದು, ಇನ್ನೂ ಒಂದೆರಡು ವಾರ ಅದೇ ಗಿಡ ನೋಡಿದರೆ ಮಾತ್ರ 'ಕೊನೆಗೆ ಕಂಡದ್ದು ಏಪ್ರಿಲ್ 17' ಎಂದು ಬರೆಯುವ ಧೈರ್ಯ ಬರುತ್ತದೆ. ನನ್ನ ಹಳೆಯ ನೋಟ್‌ಬುಕ್ಕುಗಳಲ್ಲಿ ಕಳಿಂಗ ಬಂದ ದಿನಾಂಕ ಹನ್ನೊಂದು ವರ್ಷದ್ದಿದೆ, ಹೋದ ದಿನಾಂಕ ಮೂರೇ ವರ್ಷದ್ದು. ಉಳಿದ ಎಂಟು ವರ್ಷ ಮೇ ತಿಂಗಳಲ್ಲಿ ಯಾವಾಗಲೋ 'ಅರೆ, ಇಲ್ಲವಲ್ಲ' ಅನ್ನಿಸಿದೆ, ಅಷ್ಟೆ. ಚಳಿಗಾಲಕ್ಕೆ ಬರುವ ಕಳಿಂಗ ಮರುವರ್ಷ ಅದೇ ಜಾಗಕ್ಕೆ ಮರಳುವುದು ಕಾಲಿಗೆ ಬಳೆ ತೊಡಿಸಿ ನೋಡಿದಾಗ ಗೊತ್ತಾಗಿದೆ. ಅಂಥ ಹಳೆಯ ಬಾಡಿಗೆದಾರನ ವಿಚಾರದಲ್ಲೂ ನಾನು ಇಷ್ಟು ಉದಾಸೀನ ಮಾಡಿದ್ದೆ.

ನಾನೊಬ್ಬನೇ ಅಲ್ಲ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 'ಮೈಗ್ರಂಟ್‌ವಾಚ್' ಎಂಬ ಕೆಲಸ ಶುರುವಾದಾಗಲೂ ಜನರಿಂದ ಮೊದಲು ಕೇಳಿದ್ದು ಒಂಬತ್ತು ಜಾತಿಯ ಹಕ್ಕಿಗಳು ಬಂದಿಳಿದ ದಿನವನ್ನು. ಈಗ ಹೆಚ್ಚಿನವರು ಬಳಸುವುದು ಇ-ಬರ್ಡ್, ಕಂಡ ಹಕ್ಕಿಗಳ ಪಟ್ಟಿ ಸಲ್ಲಿಸುವ ಜಾಲತಾಣ. ಅದರಲ್ಲಿ ಪಟ್ಟಿ ಸಲ್ಲಿಸುವಾಗ 'ಗುರುತಿಸಲು ಆದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ?' ಎಂಬರ್ಥದ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಯೋಚಿಸದೆ ಒತ್ತಿಬಿಡುತ್ತಾರೆ. ಕಾಗೆ, ಪಾರಿವಾಳ, ಮೈನಾ ಎಲ್ಲವನ್ನೂ ಬರೆದು ನಿಜವಾಗಿ 'ಹೌದು' ಎಂದಿದ್ದರೆ, ಪಟ್ಟಿಯಲ್ಲಿಲ್ಲದ ಕಳಿಂಗ ಅವತ್ತು ನಿಮಗೆ ಕಾಣಲಿಲ್ಲ ಎಂದು ದಾಖಲಾಗುತ್ತದೆ. ಬರೀ ಅಪರೂಪದ ಎರಡು ಹಕ್ಕಿ ಬರೆದು ಕಳಿಸಿದರೆ ಈ 'ಕಾಣಲಿಲ್ಲ' ಯಾರಿಗೂ ಸಿಗುವುದಿಲ್ಲ.

ಹಾಗಾಗಿ ನೀವು ಇಡೀ ಕೆರೆಯನ್ನು ತಲೆಮೇಲೆ ಹೊತ್ತುಕೊಳ್ಳಬೇಡಿ. ಏರಿಯ ಮೇಲೆ ಒಂದು ಜಾಗ ಗೊತ್ತುಮಾಡಿಕೊಂಡು, ದಿನಾ ಅದೇ ಹೊತ್ತಿಗೆ ಹದಿನೈದು ನಿಮಿಷ ನಿಂತು, ಕಂಡದ್ದನ್ನೆಲ್ಲ ಬರೆಯಿರಿ. ಜೊತೆ ಬೇಕೆನಿಸಿದರೆ, ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗಾಜಿನ ಮನೆಯ ಹತ್ತಿರ ಹಕ್ಕಿ ನೋಡುವವರು ಸೇರುವ ರೂಢಿ ದಶಕಗಳಿಂದ ಇದೆ. ಹೊಸಬರನ್ನು ಕಂಡರೆ ಅವರಿಗೆ ಖುಷಿ.

ನಮ್ಮ ಬಸವನಗುಡಿಯಲ್ಲಿ ಕೋಗಿಲೆ ಸರಿಯಾಗಿ ಯುಗಾದಿಗೆ ಬರುತ್ತದೆ. ಚಳಿಗಾಲದಲ್ಲಿ ಎಲ್ಲಿಗೆ ಹೋಗಿರುತ್ತದೆ?

ಎಲ್ಲಿಗೂ ಇಲ್ಲ, ನಿಮ್ಮ ಬೀದಿಯಲ್ಲೇ ಇರುತ್ತದೆ, ಬಾಯಿ ಮುಚ್ಚಿಕೊಂಡು. ಡಿಸೆಂಬರ್‌ನಲ್ಲಿ ಹಣ್ಣು ಬಿಟ್ಟ ಯಾವುದಾದರೂ ಆಲವನ್ನೋ ಗಸಗಸೆ ಹಣ್ಣಿನ ಮರವನ್ನೋ ಹತ್ತು ನಿಮಿಷ ನೋಡಿ. ಕೆಂಪು ಕಣ್ಣಿನ ಕರಿ ಗಂಡೋ, ಮೈತುಂಬ ಬಿಳಿ ಚುಕ್ಕೆಯ ಕಂದು ಹೆಣ್ಣೋ ಕಳ್ಳನ ಹಾಗೆ ಎಲೆಗಳ ಒಳಗೆ ಸರಿದಾಡುತ್ತಿರುತ್ತದೆ. ಕಾಗೆಗಳು ಗೂಡು ಕಟ್ಟುವ ಕಾಲ ಹತ್ತಿರವಾದಾಗ ಗಂಡು ಕೂಗಲು ಶುರು ಮಾಡುತ್ತದೆ, ಮೊಟ್ಟೆ ಇಡಲು ಪರರ ಮನೆ ಬೇಕಲ್ಲ. ಮಾವಿನ ಚಿಗುರು ತಿಂದು ಕಂಠ ಇಂಪಾಯಿತು ಎಂದವರು ಕವಿಗಳು. ಕೋಗಿಲೆಗೆ ಬೇಕಾದದ್ದು ಹಣ್ಣು.

ಅದರ ನೆಂಟ ಚಾತಕ ಮಾತ್ರ ನಿಜವಾದ ಪ್ರಯಾಣಿಕ. ಆಫ್ರಿಕಾದಿಂದ ಮುಂಗಾರಿನ ಗಾಳಿಯ ಜೊತೆ ಉತ್ತರ ಮತ್ತು ಮಧ್ಯ ಭಾರತಕ್ಕೆ ಬರುತ್ತದೆ. ಆದರೆ ದಕ್ಷಿಣದಲ್ಲೇ ಉಳಿಯುವ ಇನ್ನೊಂದು ಉಪಜಾತಿಯೂ ಇರುವುದರಿಂದ, ಬೆಂಗಳೂರಿನಲ್ಲಿ ಮೇ ಕೊನೆಗೆ ಚಾತಕ ಕಂಡ ಕೂಡಲೇ 'ಆಫ್ರಿಕಾದಿಂದ ಬಂತು' ಎಂದು ಬರೆಯಬೇಡಿ. 'ಚಾತಕ, ಒಂದು' ಎಂದು ಬರೆದರೆ ಸಾಕು.

ನಮ್ಮ ಶಾಲೆಯ ಪಕ್ಕದ ಗೋಣಿ ಮರದಲ್ಲಿ ಗುಲಾಬಿ ಕಬ್ಬಕ್ಕಿಗಳ ಸಂತೆ. ಮಕ್ಕಳಲ್ಲಿ ಒಬ್ಬ ಐವತ್ತು ಎನ್ನುತ್ತಾನೆ, ಇನ್ನೊಬ್ಬಳು ಐನೂರು ಎನ್ನುತ್ತಾಳೆ. ಎಷ್ಟೆಂದು ಬರೆಯುವುದು? ನವೆಂಬರ್‌ನಲ್ಲಿ ಕೊಳಕಾಗಿದ್ದವು ಈಗ ಇಷ್ಟು ಚೆಂದವಾಗಿವೆಯಲ್ಲ, ಗರಿ ಉದುರಿ ಹೊಸದು ಬಂದದ್ದೇ?
— ಶಿಕ್ಷಕಿ, ಕೆಂಗೇರಿ ಉಪನಗರ

ಎರಡನೆಯ ಪ್ರಶ್ನೆ ಮೊದಲು, ಏಕೆಂದರೆ ಮಕ್ಕಳಿಗೆ ಇದು ಇಷ್ಟವಾಗುತ್ತದೆ. ಬೆಳೆದ ಹಕ್ಕಿಗಳ ಮಟ್ಟಿಗೆ ಇದು ಹೊಸ ಬಟ್ಟೆಯಲ್ಲ, ಹಳೆಯದೇ ಸವೆದದ್ದು. ಚಳಿಗಾಲದ ಗರಿಗಳ ತುದಿಗೆ ಮಣ್ಣುಬಣ್ಣದ ಅಂಚು ಇರುತ್ತದೆ. ಎಲೆಗೆ, ಕೊಂಬೆಗೆ ಉಜ್ಜಿ ಉಜ್ಜಿ ಅಂಚು ಸವೆದಂತೆ ಕೆಳಗಿದ್ದ ಗುಲಾಬಿಯೂ ಮಿರುಗುವ ಕಪ್ಪೂ ಮೇಲೆ ಬರುತ್ತವೆ. ಮದುವೆ ಹೊತ್ತಿಗೆ ಸರಿಯಾಗಿ ಬಣ್ಣ ಬಿಡುವ ಸೀರೆ! ಏಪ್ರಿಲ್ ಮುಗಿಯುವುದರೊಳಗೆ ಇವು ಮಧ್ಯ ಏಷ್ಯಾದ ಹುಲ್ಲುಗಾವಲಿನ ದಾರಿ ಹಿಡಿದಿರುತ್ತವೆ. ಅಲ್ಲಿ ಮಿಡತೆ ಹೆಚ್ಚಿದ ಕಡೆ ಕಲ್ಲುಗಳ ಸಂದಿಯಲ್ಲಿ ಗೂಡು.

ಎಣಿಕೆಗೆ ಒಂದು ಉಪಾಯ. ಒಂದು ಕೊಂಬೆಯಲ್ಲಿ ಹತ್ತು ಹಕ್ಕಿಯನ್ನು ಸರಿಯಾಗಿ ಎಣಿಸಿ, ಹತ್ತು ಎಂದರೆ ಎಷ್ಟು ಜಾಗ ಎಂದು ಕಣ್ಣಿಗೆ ಕೂರಿಸಿಕೊಳ್ಳಿ. ಆಮೇಲೆ ಮರದಲ್ಲಿ ಅಂಥ ಹತ್ತುಗಳು ಎಷ್ಟು ಎಂದು ಎಣಿಸಿ. ಎಲೆಯ ಮರೆಯಲ್ಲಿ ಇರುವವು ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಗಿಡುಗ ಬಂದೋ ಪಟಾಕಿ ಸದ್ದಿಗೋ ಇಡೀ ಗುಂಪು ಮೇಲೆದ್ದಾಗ ಇನ್ನೊಮ್ಮೆ ಅಂದಾಜು ಮಾಡಿ. ಮಕ್ಕಳು ಒಬ್ಬರದು ಒಬ್ಬರು ನೋಡದ ಹಾಗೆ ಚೀಟಿಯಲ್ಲಿ ಬರೆಯಲಿ. ಎಲ್ಲ ಚೀಟಿಯನ್ನೂ ಸಾಲಾಗಿ ಜೋಡಿಸಿ ಮಧ್ಯದ್ದನ್ನು ತೆಗೆದುಕೊಳ್ಳಿ. 180 ಎಂದು ಅಂದಾಜು ಬರೆಯುವುದು 'ತುಂಬಾ ಇದ್ದವು' ಎನ್ನುವುದಕ್ಕಿಂತ ನೂರು ಪಾಲು ವಾಸಿ. ಮುಂದಿನ ವಾರ 60 ಆಗಿ, ಅದರ ಮುಂದಿನ ವಾರ ಸೊನ್ನೆ ಆದಾಗ ಹೊರಟದ್ದು ಕಾಗದದ ಮೇಲೆ ಕಾಣುತ್ತದೆ. ಸೊನ್ನೆ ಬರೆಯಲು ಮಕ್ಕಳು ತಕರಾರು ಮಾಡುತ್ತಾರೆ, ನೀವು ಬಿಡಬೇಡಿ.

ಹೊಸಕೆರೆಹಳ್ಳಿಯಲ್ಲಿ ಒಂಬತ್ತನೇ ಮಹಡಿ ನಮ್ಮದು. ಮೊನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಬಣ್ಣಬಣ್ಣದ, ಮೋಟು ಬಾಲದ ಹಕ್ಕಿ ಸುಸ್ತಾಗಿ ಕೂತಿತ್ತು. ಮಿಂಚುಳ್ಳಿ ಎಂದುಕೊಂಡೆವು. ಅತ್ತೆ ಚಮಚದಲ್ಲಿ ನೀರು ಕುಡಿಸಿದರು. ಸಂಜೆ ಹಾರಿಹೋಯಿತು. ನಾವು ಮಾಡಿದ್ದು ಸರಿಯೇ?

ಫೋಟೊ ನೋಡಿದೆ. ಅದು ಮಿಂಚುಳ್ಳಿಯಲ್ಲ, ನವರಂಗ. ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿಗೆ ಅಡ್ಡಲಾಗಿ ದಪ್ಪ ಕಾಡಿಗೆ, ಬಿಳಿ ಗಂಟಲು, ಕಂದು ಹೊಟ್ಟೆ, ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದಂಥ ಕೆಂಪು. ಬೆಳಿಗ್ಗೆ, ಸಂಜೆ ಮಬ್ಬುಗತ್ತಲಲ್ಲಿ ಎರಡು ಸ್ವರದ ಸಿಳ್ಳೆ ಹಾಕುವುದರಿಂದ ತಮಿಳಿನಲ್ಲಿ 'ಆರುಮಣಿ ಕುರುವಿ', ಆರು ಗಂಟೆಯ ಹಕ್ಕಿ, ಎನ್ನುತ್ತಾರೆ. ತರಗೆಲೆ ಕೆದಕಿ ಹುಳ ಹೆಕ್ಕುವ, ನೆಲ ಬಿಟ್ಟು ಹೆಚ್ಚು ಮೇಲೇಳದ ಹಕ್ಕಿ ಒಂಬತ್ತನೇ ಮಹಡಿಗೆ ಬಂದದ್ದೇಕೆ? ದಕ್ಷಿಣ ಭಾರತ, ಶ್ರೀಲಂಕಾಗಳಲ್ಲಿ ಚಳಿಗಾಲ ಕಳೆದು ಮಧ್ಯ ಭಾರತಕ್ಕೆ, ಹಿಮಾಲಯದ ತಪ್ಪಲಿಗೆ ಅದು ಪ್ರಯಾಣ ಮಾಡುವುದು ರಾತ್ರಿ. ದೀಪದ ಬೆಳಕಿಗೆ ದಾರಿ ತಪ್ಪಿ ಗಾಜಿಗೆ ಬಡಿಯುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ ಬರುವಾಗ ಒಮ್ಮೆ, ಏಪ್ರಿಲ್ ಆಸುಪಾಸಿನಲ್ಲಿ ಮರಳುವಾಗ ಇನ್ನೊಮ್ಮೆ, ಹೀಗೆ ಮನೆಯೊಳಗೆ ಸಿಕ್ಕ ನವರಂಗದ ಸುದ್ದಿ ಬೆಂಗಳೂರಿನಲ್ಲಿ ಇದ್ದೇ ಇರುತ್ತದೆ.

ಹಿಡಿದು ಆಡಿಸದೆ ಇದ್ದದ್ದು ಸರಿ. ನೀರು ಕುಡಿಸಿದ್ದು ಮಾತ್ರ ಬೇಡವಾಗಿತ್ತು. ಅತ್ತೆಯವರದು ಒಳ್ಳೆಯ ಮನಸ್ಸೇ, ಆದರೆ ಸುಸ್ತಾದ ಹಕ್ಕಿಯ ಬಾಯಿಗೆ ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಮುಂದಿನ ಸಲ ಹಗುರವಾದ ಬಟ್ಟೆ ಹಾಕಿ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬದೊಳಗೆ ಇಟ್ಟು ಮುಚ್ಚಿ, ಸದ್ದಿಲ್ಲದ ಕೋಣೆಯಲ್ಲಿ ಒಂದೆರಡು ಗಂಟೆ ಬಿಡಿ. ಕತ್ತಲೇ ಅದಕ್ಕೆ ಔಷಧ. ಚೇತರಿಸಿಕೊಂಡು ಒಳಗೆ ಸದ್ದು ಮಾಡಿದರೆ ಕೆಳಗೆ ಗಿಡಗಳಿರುವ ಕಡೆ ಒಯ್ದು ಡಬ್ಬ ತೆರೆದು ದೂರ ನಿಲ್ಲಿ. ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ. ಚೆಂದ ಇದೆ ಎಂದು ಪಂಜರದಲ್ಲಿ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ.

ಈ ಒಂದು ತಿಂಗಳು ರಾತ್ರಿ ಹತ್ತರ ಮೇಲೆ ಟೆರೇಸಿನ ಅಲಂಕಾರದ ದೀಪ ಆರಿಸಲು ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿನೋಡಿ. ಹಕ್ಕಿಯ ಹೆಸರು ಹೇಳಿದರೆ ನಗುತ್ತಾರೆ, ಕರೆಂಟ್ ಬಿಲ್ಲಿನ ಹೆಸರು ಹೇಳಿ.

ಫೋನಿನ ಮರ್ಲಿನ್ ಆ್ಯಪ್ ಸದ್ದು ಕೇಳಿಸಿಕೊಂಡು ಯಾವುದೋ ಅಪರೂಪದ ಉಲಿಯಕ್ಕಿಯ ಹೆಸರು ತೋರಿಸಿತು. ನನಗೆ ಹಕ್ಕಿ ಕಾಣಲಿಲ್ಲ. ಪಟ್ಟಿಗೆ ಸೇರಿಸಲೇ?
— ವಿದ್ಯಾರ್ಥಿ, ಯಲಹಂಕ

ಸೇರಿಸಬೇಡಿ. ಆ್ಯಪ್ ಹೇಳಿದ್ದು ಕಿವಿಮಾತು, ಸಾಕ್ಷಿಯಲ್ಲ. ಎಲೆಗಳ ನಡುವೆ ಓಡಾಡುವ ಉಲಿಯಕ್ಕಿಗಳಲ್ಲಿ ಎರಡು ಮೂರು ಜಾತಿ ನೋಡಲು ಒಂದೇ ಅಚ್ಚು, ಕೂಗಿನಲ್ಲೂ ಕೂದಲೆಳೆಯ ವ್ಯತ್ಯಾಸ. ಸಾಲದ್ದಕ್ಕೆ ಕಾಜಾಣದಂಥ ಹಕ್ಕಿಗಳು ಪರರ ದನಿ ಅನುಕರಿಸುತ್ತವೆ. ರೆಕಾರ್ಡಿಂಗ್ ಉಳಿಸಿಕೊಂಡು ಬಲ್ಲವರಿಗೆ ಕೇಳಿಸಿ. ಹಕ್ಕಿ ಹೊರಗೆ ಬರಲೆಂದು ಅದರದೇ ಕೂಗನ್ನು ಸ್ಪೀಕರಿನಲ್ಲಿ ಹಾಕುವ ಚಾಳಿ ಕೆಲವರಿಗಿದೆ, ಅದನ್ನಂತೂ ಕಲಿಯಬೇಡಿ. ಸಾವಿರಾರು ಕಿಲೋಮೀಟರ್ ಹಾರಲು ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಯನ್ನು ಇಲ್ಲದ ಎದುರಾಳಿಯ ಜೊತೆ ಜಗಳಕ್ಕೆ ಹಚ್ಚಿದ ಹಾಗಾಗುತ್ತದೆ.

ಹೊಸಕೋಟೆ ಕೆರೆಯ ಹತ್ತಿರ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತಿದ್ದ ಕವಲುತೋಕೆಗಳು ಐದು ದಿನದಿಂದ ಇಲ್ಲ. ಹೋದವು ಎಂದು ಬರೆಯಲೇ? ನಿನ್ನೆ ಎರಡು ಮಾತ್ರ ಕಂಡವು.

ಆ ಎರಡರ ನೆತ್ತಿ ಯಾವ ಬಣ್ಣ ಇತ್ತು? ಇಟ್ಟಿಗೆ ಕೆಂಪು ನೆತ್ತಿ, ಗಂಟಲಿನಿಂದ ಹೊಟ್ಟೆವರೆಗೆ ಅಚ್ಚ ಬಿಳಿ ಇದ್ದರೆ ಅವು ತಂತಿಬಾಲದವು, ವರ್ಷವಿಡೀ ಇಲ್ಲೇ ಇರುವಂಥವು. ನೆತ್ತಿ ಕಡುನೀಲಿ, ಗಂಟಲು ಕೆಂಪು, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಇದ್ದರೆ ನಿಮ್ಮ ಹಳೆಯ ಗುಂಪಿನಲ್ಲಿ ಹಿಂದೆ ಉಳಿದವು. ಐದು ದಿನ ಸಾಲದು, ಇನ್ನೆರಡು ವಾರ ಹಾಲು ತರಲು ಹೋಗುವಾಗ ಆ ತಂತಿಯ ಕಡೆ ಒಮ್ಮೆ ತಲೆ ಎತ್ತಿ. ಆಮೇಲೆ ಕೊನೆಗೆ ಕಂಡ ದಿನಾಂಕ ಕಳಿಸಿ, ಇಲ್ಲೇ ಹಾಕೋಣ.