ಎಂಜಿನ್ ಜತೆ ಕೂಗುವ ಸ್ಪೀಕರ್

ಪ್ರಶ್ನೆ: ಬೈಕಿನ ಹ್ಯಾಂಡಲಿಗೆ ಎರಡು ಸ್ಪೀಕರ್, ಸೀಟಿನಡಿ ಸಣ್ಣ ಆಂಪ್ಲಿಫೈಯರ್ ಇದೆ. ಎಂಜಿನ್ ಶುರುವಾದೊಡನೆ ಕುಂಯ್ ಎನ್ನುತ್ತದೆ, ಆಕ್ಸಿಲರೇಟರ್ ತಿರುವಿದಷ್ಟೂ ಸದ್ದು ಏರುತ್ತದೆ. ಸ್ಪೀಕರ್ ಬದಲಿಸಲೇ?

ಉತ್ತರ: ಬೇಡ. ಎಂಜಿನ್ ವೇಗದ ಜತೆ ಏರಿಳಿಯುವ ಸದ್ದು ಚಾರ್ಜಿಂಗ್ ಕಡೆಯದು. ಎಂಜಿನ್ ತಿರುಗಿಸುವ ಆಲ್ಟರ್ನೇಟರಿನ (ಬ್ಯಾಟರಿಗೆ ಕರೆಂಟು ಕೊಡುವ ಜನರೇಟರ್) ಎ.ಸಿ. ಕರೆಂಟು ರೆಕ್ಟಿಫೈಯರಿನಲ್ಲಿ ಡಿ.ಸಿ. ಆದ ಮೇಲೂ ಅದರಲ್ಲಿ ಸಣ್ಣ ಏರಿಳಿತ ಉಳಿದಿರುತ್ತದೆ. ಅರ್ಥ್, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ಕೆಟ್ಟರೆ ಆ ಏರಿಳಿತವೇ ಸ್ಪೀಕರಿನಲ್ಲಿ ಕೇಳಿಸುತ್ತದೆ.

ಆಂಪ್ ಆಫ್ ಮಾಡಿ ಹಾಡಿನ ಕೇಬಲ್ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತರೆ ಅದು ಕೇಬಲಿನಿಂದ ಬರುತ್ತಿತ್ತು. ಬೈಕಿನ ಯು.ಎಸ್.ಬಿ.ಯಲ್ಲೇ ಫೋನ್ ಚಾರ್ಜ್ ಆಗುತ್ತಿದ್ದರೆ ಆ ವೈರ್ ತೆಗೆದು ನೋಡಿ. ಚಾರ್ಜರಿನಿಂದ ಒಂದು, ಹಾಡಿನ ಕೇಬಲಿನಿಂದ ಒಂದು ಎಂದು ಫೋನಿಗೆ ಎರಡು ಅರ್ಥ್ ದಾರಿಯಾಗಿ, ಆ ಸುತ್ತಿನಿಂದ (ಗ್ರೌಂಡ್ ಲೂಪ್) ಸದ್ದು ಹಾಡಿನೊಳಗೆ ನುಗ್ಗುತ್ತದೆ. ಬ್ಲೂಟೂತ್ ಬಳಸಿ, ಇಲ್ಲವೇ ಕೇಬಲಿಗೆ ಈ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ; ಅಗ್ಗದ್ದಾದರೆ ಬೇಸ್ ತುಸು ಸೊರಗುತ್ತದೆ.

ಕೇಬಲ್ ಕಿತ್ತರೂ ಸದ್ದು ಉಳಿದರೆ ಆಂಪಿನ ಅರ್ಥ್ ನೋಡಬೇಕು. ಕೇಬಲ್ ಮತ್ತೆ ಸಿಕ್ಕಿಸಿ, ಎಂಜಿನ್ ಓಡುತ್ತಾ ಹಾಡು ಜೋರಾಗಿರುವಾಗ ಆಂಪಿನ ಅರ್ಥ್ ಟರ್ಮಿನಲ್ಲಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಜೋಡಣೆ ಸರಿಯಿಲ್ಲ. ಅರ್ಥ್ ವೈರಿನ ಬೋಲ್ಟ್ ಬಿಚ್ಚಿದರೆ ವೈರಿನ ತುದಿಯ ರಿಂಗಿನಡಿ ಚಾಸಿಯ ಬಣ್ಣ ಹಾಗೇ ಇರುವುದು ಎಷ್ಟೋ ಬೈಕುಗಳಲ್ಲಿ ಕಾಣುತ್ತದೆ. ಲೋಹ ಹೊಳೆಯುವಷ್ಟು ಕೆರೆದು ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಕಪ್ಪು ವೈರನ್ನು ನೇರ ಬ್ಯಾಟರಿಗೇ ಒಯ್ದರೆ ಇನ್ನೂ ಒಳ್ಳೆಯದು. ಹಾಡಿನ ಕೇಬಲನ್ನು ಕರೆಂಟಿನ ವೈರಿನೊಂದಿಗೆ ಒಂದೇ ಕಟ್ಟಿನಲ್ಲಿ ಒಯ್ಯಬೇಡಿ.

ಅದೂ ಸರಿಯಿದ್ದರೆ ಮೀಟರನ್ನು ಎ.ಸಿ.ಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ರೆಕ್ಟಿಫೈಯರ್ ಮೇಲೆ ಅನುಮಾನ. ಎಂಜಿನ್ ನಿಂತಿರುವಾಗಲೇ 20 ಚಿಲ್ಲರೆ ವೋಲ್ಟ್ ತೋರಿಸಿತೋ, ದೋಷ ಮೀಟರಿನದು. ಕೆಲವು ಅಗ್ಗದ ಮೀಟರುಗಳು ಡಿ.ಸಿ.ಯನ್ನೂ ಎ.ಸಿ. ಎಂದೇ ಓದುತ್ತವೆ. ನಾಯ್ಸ್ ಫಿಲ್ಟರ್ ಕೊಳ್ಳುವುದು ಇಷ್ಟೆಲ್ಲ ಆದ ಮೇಲೆ. ಮೊದಲೇ ಹಾಕಿದರೆ ಸಡಿಲ ಅರ್ಥ್ ಒಳಗೇ ಅಡಗಿ ಕೂರುತ್ತದೆ.

ಪ್ರಶ್ನೆ: ಎಫ್.ಎಂ. ಹಾಕಿದಾಗ ಮಾತ್ರ ಚಟಚಟ ಸದ್ದು. ಯಾಕೆ?

ಉತ್ತರ: ಸ್ಪಾರ್ಕ್ ಪ್ಲಗ್ಗಿನ ಕಿಡಿ ರೇಡಿಯೋ ಅಲೆಯಾಗಿ ಆಂಟೆನಾಕ್ಕೆ ತಲುಪುತ್ತಿದೆ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿರಬಹುದು. ಎನ್‌ಜಿಕೆಯ ಸಿಆರ್8ಇ ಪ್ಲಗ್ಗಿನಲ್ಲಿ ‘ಆರ್’ ಎಂದರೆ ರೆಸಿಸ್ಟರ್. ಹೀಟ್ ಸಂಖ್ಯೆ (ಪ್ಲಗ್ ಎಷ್ಟು ಬಿಸಿಗೆ ಹೊಂದುತ್ತದೆಂದು ಹೇಳುವುದು, ಇಲ್ಲಿ 8) ಮಾತ್ರ ಬೈಕಿನ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಪ್ಲಗ್ ಕ್ಯಾಪ್ ಬಿರುಕು ಬಿಟ್ಟಿದ್ದರೂ ಹೀಗಾಗುತ್ತದೆ.

ಪ್ರಶ್ನೆ: ಗುಂಡಿಗೆ ಇಳಿದಾಗ ಎಡಗಡೆಯದು ಮಾತ್ರ ಕರಕರ ಎನ್ನುತ್ತದೆ.

ಉತ್ತರ: ಬೈಕ್ ನಿಲ್ಲಿಸಿ, ಹಾಡು ಹಾಕಿ, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಕರಕರ ಬಂದರೆ ಹ್ಯಾಂಡಲ್ ಕುತ್ತಿಗೆಯ ಬಳಿ ವೈರ್ ಮಡಚಿ ಮಡಚಿ ಒಳಗಿನ ತಂತಿ ತುಂಡಾಗಿದೆ. ಹೊರಗಿನ ಪ್ಲಾಸ್ಟಿಕ್ ನೆಟ್ಟಗೇ ಕಾಣುತ್ತದೆ. ಬರದಿದ್ದರೆ ಹಾಡು ನಿಲ್ಲಿಸಿ, ಎರಡೂ ಹೆಬ್ಬೆರಳಿನಿಂದ ಸ್ಪೀಕರಿನ ಕೋನನ್ನು (ಅಲುಗಾಡುವ ಮುಂಭಾಗ) ಸಮನಾಗಿ, ಮೆಲ್ಲಗೆ ಒತ್ತಿ. ಉಜ್ಜಿದಂತೆ ಕೇಳಿದರೆ ಕೋನಿನ ಹಿಂದಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ತಗುಲುತ್ತಿದೆ, ಆ ಸ್ಪೀಕರ್ ಬದಲಿಸಿ.