ವಿದೇಶಕ್ಕೆ ಸಣ್ಣ ಪಾರ್ಸೆಲ್ ಕಳಿಸುವಾಗ ಕಸ್ಟಮ್ಸ್ ಫಾರ್ಮ್‌ನಲ್ಲಿ ಏನು ಬರೆಯಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಇಂಗ್ಲೆಂಡಿನಲ್ಲಿರುವ ತಂಗಿಗೆ ಒಂದು ರೇಷ್ಮೆ ಸೀರೆ, ಅವರ ಮಗುವಿಗೆ ಚನ್ನಪಟ್ಟಣದ ಗೊಂಬೆಗಳು, ಜೊತೆಗೆ ಮನೆಯಲ್ಲಿ ಮಾಡಿದ ಚಟ್ನಿಪುಡಿ ಮತ್ತು ಊದುಬತ್ತಿಯನ್ನು ಬೆಂಗಳೂರಿನಿಂದ ಅಂಚೆಯಲ್ಲಿ ಕಳಿಸಬೇಕೆಂದಿದ್ದೀರಿ. ಒಟ್ಟು ತೂಕ ಎರಡು ಕಿಲೋ ಒಳಗಿದೆ. ಫಾರ್ಮ್‌ನಲ್ಲಿ ‘ಗಿಫ್ಟ್ ಐಟಮ್ಸ್, 500 ರೂಪಾಯಿ’ ಎಂದಷ್ಟೇ ಬರೆದರೆ ಸುಂಕ ಬೀಳುವುದಿಲ್ಲ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಅದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ನಾನು ಜಯನಗರದಿಂದ ಹೊರದೇಶದ ಓದುಗರಿಗೆ ಕನ್ನಡ ಪುಸ್ತಕಗಳನ್ನು ಕಳಿಸುವ ಕೆಲಸ ಮಾಡುತ್ತೇನೆ. ಪೊಟ್ಟಣವನ್ನು ದಾರಿಯಲ್ಲಿ ನಿಲ್ಲಿಸುವುದು ಅದರೊಳಗಿನ ವಸ್ತುವಿಗಿಂತ ಹೆಚ್ಚಾಗಿ ಅದರ ಮೇಲಿನ ಅಸ್ಪಷ್ಟ ಬರಹವೇ ಎಂಬುದನ್ನು ನೋಡುತ್ತಾ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಫಾರ್ಮ್ ಯಾವುದು ಎಂಬುದು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕೇಂದ್ರ ಕಚೇರಿಯಿರುವ, 1874ರಲ್ಲಿ ಸ್ಥಾಪನೆಯಾದ ವಿಶ್ವ ಅಂಚೆ ಒಕ್ಕೂಟವು ಎಲ್ಲ ದೇಶಗಳಿಗೂ ಒಂದೇ ಮಾದರಿಯ ಎರಡು ಘೋಷಣಾ ಪತ್ರಗಳನ್ನು ನಿಗದಿಪಡಿಸಿದೆ. ಎರಡು ಕಿಲೋವರೆಗಿನ ಸಣ್ಣ ಪೊಟ್ಟಣದ ಬೆಲೆ 300 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಸುಮಾರು 400 ಡಾಲರ್, ಮೀರದಿದ್ದರೆ ಚಿಕ್ಕದಾದ ಸಿಎನ್ 22 ಸಾಕು. ಅದಕ್ಕಿಂತ ಬೆಲೆಬಾಳುವ ಪೊಟ್ಟಣಕ್ಕೂ ದೊಡ್ಡ ಪಾರ್ಸೆಲ್‌ಗೂ ಹೆಚ್ಚು ವಿವರ ಕೇಳುವ ಸಿಎನ್ 23 ಬೇಕು. ಹಿಂದೆ ಇದು ಕೈಯಲ್ಲಿ ತುಂಬಿ ಅಂಟಿಸುವ ಚೀಟಿಯಾಗಿತ್ತು. 2021ರಿಂದ ವಸ್ತುಗಳಿರುವ ಪೊಟ್ಟಣಗಳ ವಿವರವನ್ನು ವಿದ್ಯುನ್ಮಾನ ರೂಪದಲ್ಲಿ ಮುಂಚಿತವಾಗಿಯೇ ತಲುಪುವ ದೇಶಕ್ಕೆ ರವಾನಿಸುವುದು ಅಗತ್ಯವಾಗಿದೆ. ಆದ್ದರಿಂದ ನೀವು ಬರೆದದ್ದನ್ನು ಕೌಂಟರ್‌ನಲ್ಲಿ ಕಂಪ್ಯೂಟರ್‌ಗೆ ಏರಿಸುತ್ತಾರೆ, ಇಲ್ಲವೇ ನೀವೇ ಅಂಚೆ ಇಲಾಖೆಯ ಜಾಲತಾಣದಲ್ಲಿ ತುಂಬಬಹುದು. ವಿಮಾನ ಇಳಿಯುವ ಮೊದಲೇ ಅಲ್ಲಿನ ಅಧಿಕಾರಿ ನಿಮ್ಮ ಪೊಟ್ಟಣದ ಬಗ್ಗೆ ಓದಿರುತ್ತಾರೆ, ಮತ್ತು ಆ ಹೊತ್ತಿನಲ್ಲಿ ಅವರ ಮುಂದೆ ನೀವು ಕೊಟ್ಟ ಆ ನಾಲ್ಕು ಸಾಲುಗಳಲ್ಲದೆ ಬೇರೇನೂ ಇರುವುದಿಲ್ಲ.

ಹಾಗಾಗಿ ನನ್ನ ದೃಷ್ಟಿಯಲ್ಲಿ ಇಡೀ ಫಾರ್ಮ್‌ನಲ್ಲಿ ಅತ್ಯಂತ ಶ್ರದ್ಧೆ ಬೇಡುವುದು ಒಳಗಿರುವ ವಸ್ತುಗಳ ವಿವರಣೆ. ‘ಗಿಫ್ಟ್’ ಎಂಬುದು ಕಳಿಸುವ ಕಾರಣವನ್ನು ಹೇಳುತ್ತದೆ, ವಸ್ತುವನ್ನಲ್ಲ. ಕಾರಣಕ್ಕೆ ಫಾರ್ಮ್‌ನಲ್ಲಿ ಬೇರೆಯೇ ಚೌಕವಿದೆ. ‘ಬಟ್ಟೆ’, ‘ತಿಂಡಿ’, ‘ವೈಯಕ್ತಿಕ ವಸ್ತುಗಳು’ ಎಂಬಂಥ ಪದಗಳೂ ಸಾಲುವುದಿಲ್ಲ. ಪ್ರತಿ ವಸ್ತುವಿಗೂ ಒಂದು ಸಾಲು ಕೊಟ್ಟು, ಅದು ಏನು, ಯಾವುದರಿಂದ ಮಾಡಿದ್ದು, ಯಾವ ಬಳಕೆಗೆ, ಎಷ್ಟು ಸಂಖ್ಯೆ ಎಂಬುದನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ: ಮಹಿಳೆಯರ ಸೀರೆ, ಶುದ್ಧ ರೇಷ್ಮೆ, ಹೊಸದು, ಒಂದು; ಮಕ್ಕಳ ಆಟಿಕೆಗಳು, ಅರಗಿನ ಬಣ್ಣ ಹಚ್ಚಿದ ಮರದವು, ಮೂರು; ಊದುಬತ್ತಿ, ಎರಡು ಪೊಟ್ಟಣ. ಚಟ್ನಿಪುಡಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೆಸರಿಲ್ಲದ ಪುಡಿಯೊಂದು ಎಕ್ಸ್‌ರೇ ಪರದೆಯ ಮೇಲೆ ಕಾಣಿಸಿದರೆ ಪೊಟ್ಟಣವನ್ನು ಬಿಚ್ಚಿ ನೋಡದೆ ಬಿಡುವ ಅಧಿಕಾರಿ ಎಲ್ಲಿಯೂ ಇರಲಾರರು. ಹುರಿದ ಬೇಳೆ, ಒಣಮೆಣಸಿನಕಾಯಿ, ಕೊಬ್ಬರಿ, ಹುಣಸೆಹಣ್ಣು ಸೇರಿಸಿ ಮಾಡಿದ ಮಸಾಲೆ ಪುಡಿ ಎಂದು ಫಾರ್ಮ್‌ನಲ್ಲಿ ಬರೆಯುವುದರ ಜೊತೆಗೆ, ಅದೇ ಪಟ್ಟಿಯನ್ನು ಪುಡಿಯ ಚೀಲದ ಮೇಲೂ ಅಂಟಿಸಿ, ಚೀಲದ ಬಾಯಿಯನ್ನು ಬಿಸಿಯಿಂದ ಮುಚ್ಚಿಸಿ.

ಪ್ರತಿ ಸಾಲಿನ ಪಕ್ಕದಲ್ಲಿ ನಿವ್ವಳ ತೂಕ, ಬೆಲೆ, ಎಚ್‌ಎಸ್ ಕೋಡ್ ಮತ್ತು ತಯಾರಾದ ದೇಶವನ್ನು ಕೇಳುತ್ತಾರೆ. ಎಚ್‌ಎಸ್ ಕೋಡ್ ಎಂದರೆ 1988ರಿಂದ ಜಾರಿಯಲ್ಲಿರುವ, ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಸಮಾನವಾಗಿರುವ ಸರಕು ವರ್ಗೀಕರಣ. ರೇಷ್ಮೆ ಸೀರೆ 5007.20ರಲ್ಲಿ, ಆಟಿಕೆ 9503.00ರಲ್ಲಿ, ಊದುಬತ್ತಿ 3307.41ರಲ್ಲಿ ಬರುತ್ತವೆ, ನಾನು ಕಳಿಸುವ ಪುಸ್ತಕಗಳು ಹೆಚ್ಚಾಗಿ 4901.99. ಉಡುಗೊರೆ ಕಳಿಸುವವರಿಗೆ ಇದು ತಲೆನೋವೆನಿಸಬಹುದು, ಆದರೆ ವಿವರಣೆಯನ್ನು ಓದುವ ಮೊದಲು ಅಲ್ಲಿನ ಯಂತ್ರ ಓದುವುದು ಈ ಅಂಕಿಗಳನ್ನೇ. ತಯಾರಾದ ದೇಶವನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಮಾತ್ರಕ್ಕೆ ಅದು ಭಾರತದ್ದಾಗುವುದಿಲ್ಲ. ಪೆಟ್ಟಿಗೆಯ ಮೇಲೆ ಚೀನಾ ಎಂದಿದ್ದರೆ ಫಾರ್ಮ್‌ನಲ್ಲೂ ಚೀನಾ ಎಂದೇ ಇರಬೇಕು.

ಇನ್ನು ಬೆಲೆ. ಬ್ರಿಟನ್ನಿನ ನಿಯಮದಂತೆ ಹುಟ್ಟುಹಬ್ಬ, ಹಬ್ಬ ಮುಂತಾದ ಸಂದರ್ಭಕ್ಕಾಗಿ ಒಬ್ಬ ವ್ಯಕ್ತಿ ಮತ್ತೊಬ್ಬ ವ್ಯಕ್ತಿಗೆ ಸ್ವಂತ ಬಳಕೆಗೆಂದು ಕಳಿಸುವ ಉಡುಗೊರೆ 39 ಪೌಂಡ್ ಮೀರದಿದ್ದರೆ ಅದಕ್ಕೆ ಆಮದು ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಇಲ್ಲ. ಮೀರಿದರೆ ಸಾಮಾನ್ಯವಾಗಿ ಶೇಕಡ 20ರ ವ್ಯಾಟ್ ಬೀಳುತ್ತದೆ, ಅದೂ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ಣ ಬೆಲೆಗೆ. 135 ಪೌಂಡ್ ದಾಟಿದರೆ ಕಸ್ಟಮ್ಸ್ ಸುಂಕವೂ ಸೇರಬಹುದು. ಅಲ್ಲಿನ ಅಂಚೆ ಸಂಸ್ಥೆ ತನ್ನ ನಿರ್ವಹಣಾ ಶುಲ್ಕವನ್ನು ಬೇರೆಯಾಗಿ ವಸೂಲು ಮಾಡುತ್ತದೆ. ಆದ್ದರಿಂದ ‘ಗಿಫ್ಟ್’ ಚೌಕದಲ್ಲಿ ಗುರುತು ಹಾಕಿದ ಮಾತ್ರಕ್ಕೆ ಸುಂಕ ಮಾಫಿಯಾಗುವುದಿಲ್ಲ. ಚಿಕ್ಕಪೇಟೆಯ ಅಂಗಡಿಯವರೇ ತಮ್ಮ ಹೆಸರಿನಲ್ಲಿ ನೇರವಾಗಿ ಕಳಿಸಿದರೆ ಅದು ಉಡುಗೊರೆಯ ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ. ಸೀರೆಯನ್ನು ಮನೆಗೆ ತಂದು ನೀವೇ ಕಳಿಸಿ.

ನಿಮಗೆ ನ್ಯಾಯವಾಗಿಯೇ ಸಿಗುವ ಒಂದು ಅನುಕೂಲವಿದೆ, ಅದನ್ನು ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ. ಒಂದೇ ಪಾರ್ಸೆಲ್‌ನಲ್ಲಿ ಬೇರೆ ಬೇರೆ ಜನರಿಗೆ ಉಡುಗೊರೆಗಳಿದ್ದು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಸುತ್ತಿ, ಅದರ ಮೇಲೆ ಪಡೆಯುವವರ ಹೆಸರು ಬರೆದು, ಫಾರ್ಮ್‌ನಲ್ಲೂ ಪ್ರತ್ಯೇಕವಾಗಿ ಘೋಷಿಸಿದರೆ, 39 ಪೌಂಡ್‌ಗಳ ಮಿತಿ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ತಂಗಿಯ ಸೀರೆ ಮಿತಿಯನ್ನು ಮೀರಿದರೂ ಮಗುವಿನ ಗೊಂಬೆಗಳು ವಿನಾಯಿತಿಯೊಳಗೆ ಉಳಿಯುತ್ತವೆ.

ಎಂಟು ಸಾವಿರದ ಸೀರೆಗೆ ಐನೂರು ಎಂದು ಬರೆಯುವುದರಿಂದ ಆಗುವುದು ಮಾತ್ರ ಬೇರೆ. ಸುಳ್ಳು ಘೋಷಣೆಯ ಪೊಟ್ಟಣವನ್ನು ಜಪ್ತಿ ಮಾಡುವ ಅಧಿಕಾರ ಅಲ್ಲಿನ ಕಸ್ಟಮ್ಸ್‌ನವರಿಗಿದೆ. ವಿಚಾರಣೆ ಬಂದರೆ ಉತ್ತರ ಕೊಡಬೇಕಾದವರು ನಿಮ್ಮ ತಂಗಿ. ಪೊಟ್ಟಣ ಕಳೆದುಹೋದರೆ ನೀವು ಬರೆದ ಐನೂರಕ್ಕಿಂತ ಹೆಚ್ಚಿನ ಪರಿಹಾರ ಕೇಳಲು ನಿಮ್ಮ ಕೈಯಲ್ಲಿ ಆಧಾರವೇ ಇರುವುದಿಲ್ಲ. ಫಾರ್ಮ್‌ನ ಕೊನೆಯಲ್ಲಿ ವಿವರಗಳು ಸರಿಯಾಗಿವೆ ಎಂದು ಸಹಿ ಹಾಕುವವರು ನೀವೇ. ರಸೀದಿಯ ಬೆಲೆಯನ್ನೇ ಬರೆದು, ಅಂಕಿಯ ಮುಂದೆ ಐಎನ್‌ಆರ್ ಎಂದು ಕರೆನ್ಸಿಯನ್ನು ತಪ್ಪದೆ ನಮೂದಿಸಿ. ರಸೀದಿಯಿಲ್ಲದ, ಮನೆಯಲ್ಲೇ ಮಾಡಿದ ಪುಡಿಗೆ ಅಂಗಡಿಯಲ್ಲಿ ಅಷ್ಟೇ ಪುಡಿಗೆ ಕೊಡಬೇಕಾದ ಬೆಲೆಯನ್ನು ಹಾಕಬಹುದು. ಸೊನ್ನೆ ಮಾತ್ರ ಬರೆಯಬೇಡಿ.

ತಿನ್ನುವ ವಸ್ತುಗಳಲ್ಲಿ ಪ್ರತಿ ದೇಶಕ್ಕೂ ತನ್ನದೇ ಕಟ್ಟುಪಾಡುಗಳಿವೆ. ಬ್ರಿಟನ್ನಿಗೆ ನಮ್ಮಲ್ಲಿಂದ ಹಾಲಿನ ಮತ್ತು ಮಾಂಸದ ಉತ್ಪನ್ನಗಳನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಆದ್ದರಿಂದ ಚಟ್ನಿಪುಡಿಯ ಜೊತೆಗೆ ತುಪ್ಪದ ಡಬ್ಬಿಯನ್ನು ಸೇರಿಸಬೇಡಿ. ಆಸ್ಟ್ರೇಲಿಯಾ ಹಾಲಿನ ಸಿಹಿತಿಂಡಿ, ಬೀಜ, ಮರದ ವಸ್ತುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಮೆರಿಕದಲ್ಲಿ ಹಸಿ ಕರಿಬೇವಿಗೆ ನಿಷೇಧವಿದೆ. ಕಿತ್ತಳೆ, ನಿಂಬೆ ಗಿಡಗಳನ್ನು ಹಾಳುಮಾಡುವ ರೋಗವನ್ನು ಹರಡುವ ಕೀಟ ಆ ಎಲೆಗಳಲ್ಲಿ ಸೇರಿಕೊಳ್ಳುವುದೇ ಅದಕ್ಕೆ ಕಾರಣ. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಬಳಸುವ ಗಸಗಸೆಯನ್ನು ದುಬೈ, ಸಿಂಗಪುರಗಳ ಕಡೆಗೆ ಕಳಿಸುವ ಯೋಚನೆಯನ್ನೇ ಮಾಡಬೇಡಿ, ಅಲ್ಲಿ ಅದನ್ನು ಮಾದಕವಸ್ತುವಿನ ಕಾನೂನಿನಡಿ ನೋಡುತ್ತಾರೆ ಮತ್ತು ತೊಂದರೆಗೆ ಸಿಲುಕುವವರು ಪಡೆಯುವವರು. ಊದುಬತ್ತಿಯ ಜೊತೆಗೆ ಬೆಂಕಿಪೊಟ್ಟಣ, ಯಾವುದೇ ಪೊಟ್ಟಣದಲ್ಲಿ ಅತ್ತರು, ಉಗುರುಬಣ್ಣ, ಪವರ್ ಬ್ಯಾಂಕ್ ಬೇಡ. ಅವು ವಿಮಾನಕ್ಕೆ ಅಪಾಯಕಾರಿ.

ಇದನ್ನು ಓದುವ ಇತರರಿಗಾಗಿ ಅಮೆರಿಕದ ಬಗ್ಗೆ ಒಂದು ಮಾತು. 800 ಡಾಲರ್‌ವರೆಗಿನ ವಸ್ತುಗಳಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಕೆಲಕಾಲ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ ಮತ್ತೆ ಆರಂಭಿಸಿತು. ಈ ನಿಯಮಗಳು ಬೇಗ ಬೇಗ ಬದಲಾಗುತ್ತಿರುವುದರಿಂದ ಅಲ್ಲಿಗೆ ಕಳಿಸುವ ವಾರದಲ್ಲೇ ವಿಚಾರಿಸಿಕೊಳ್ಳಿ. ಮಾರಾಟಕ್ಕಾಗಿ ಕಳಿಸುವವರ ದಾರಿ ಇದಲ್ಲ. ಅವರಿಗೆ ಆಮದು-ರಫ್ತು ಕೋಡ್ ಮತ್ತು ಅಂಚೆ ರಫ್ತು ಬಿಲ್ ಬೇಕು, ಅದಕ್ಕೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ, ಅಂದರೆ ಅಂಚೆ ಇಲಾಖೆಯ ರಫ್ತು ಕೇಂದ್ರಗಳು.

ರಾಜಭವನ ರಸ್ತೆಯ ಪ್ರಧಾನ ಅಂಚೆ ಕಚೇರಿ (ಜಿಪಿಒ) ಆಗಲಿ, ನಿಮ್ಮ ಬಡಾವಣೆಯ ಅಂಚೆ ಕಚೇರಿಯಾಗಲಿ, ಹೋಗುವಾಗ ಈ ಎಲ್ಲ ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿಕೊಂಡು ಹೋಗಿ. ಹಿಂದೆ ಸಾಲು ನಿಂತಿರುವಾಗ ಬಾಯಲ್ಲಿ ಹೇಳಿ ಬರೆಸಿದ ವಿವರಣೆ ಅರ್ಧಕ್ಕೆ ತುಂಡಾಗುವುದು ಸಹಜ. ಗುರುತಿನ ಚೀಟಿಯ ಪ್ರತಿ, ಸೀರೆಯ ರಸೀದಿ, ತಂಗಿಯ ಪೋಸ್ಟ್‌ಕೋಡ್, ಫೋನ್ ಸಂಖ್ಯೆ, ಇಮೇಲ್ ಜೊತೆಗಿರಲಿ. ಡಬ್ಬಿಯನ್ನು ಪೂರ್ತಿ ಅಂಟಿಸಿಕೊಂಡು ಹೋಗಬೇಡಿ, ಒಳಗಿರುವುದನ್ನು ಕೌಂಟರ್‌ನಲ್ಲಿ ತೋರಿಸಬೇಕಾಗಬಹುದು. ಲೇಬಲ್ ಅಂಟಿಸುವ ಮುನ್ನ ಅದರಲ್ಲಿ ಮುದ್ರಣವಾದ ವಿವರಣೆ, ಬೆಲೆ, ವಿಳಾಸಗಳನ್ನು ಅಲ್ಲಿಯೇ ನಿಂತು ಓದಿ, ತಪ್ಪಿದ್ದರೆ ಆಗಲೇ ತಿದ್ದಿಸಿ. ಬುಕಿಂಗ್ ಮುಗಿದ ಮೇಲೆ ತಿದ್ದುವುದು ಬಹಳ ಕಷ್ಟ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್ ಇರುವ ಟ್ರ್ಯಾಕಿಂಗ್ ಸಂಖ್ಯೆಯನ್ನೂ ಫಾರ್ಮ್‌ನ ಫೋಟೋವನ್ನೂ ಅಂದೇ ತಂಗಿಗೆ ಕಳಿಸಿಬಿಡಿ. ವ್ಯಾಟ್ ಕಟ್ಟಬೇಕೆಂದು ಅಲ್ಲಿನ ಅಂಚೆಯವರಿಂದ ಚೀಟಿ ಬಂದಾಗ ಅದು ಯಾವ ಪಾರ್ಸೆಲ್‌ನದು, ಎಷ್ಟು ಬೆಲೆಗೆ ಎಂಬುದು ತಂಗಿಗೆ ಮೊದಲೇ ತಿಳಿದಿರುತ್ತದೆ.